ಮೀಸೆ ಹಡಗಿನ ಬಲ ಅಂಚು

ಜೂನ್ 12, ಬುಧವಾರ

ಪ್ರೀತಿಯ ಬೊಚ್ಚು,

ಅಕ್ಕನ ಆಶೀರ್ವಾದ. ನಿನ್ನ ಎರಡು ಕಾಗದಗಳೂ ಕೈಸೇರಿವೆ, ಒಂದಕ್ಕೂ ಉತ್ತರ ಬರೆದಿಲ್ಲ. ಅಕ್ಕನಿಗೆ ಸೊಕ್ಕು ಬಂದಿದೆ ಎಂದು ನೀನು ಹೆಂಡತಿಯ ಹತ್ತಿರ ಹೇಳಿರುತ್ತೀಯ, ಅವಳು ಹೂಂಗುಟ್ಟಿರುತ್ತಾಳೆ. ಸೊಕ್ಕಲ್ಲ. ಬರೆಯಲು ಕೂತಾಗಲೆಲ್ಲ ಒಂದೇ ವಿಷಯ ಪೆನ್ನಿನ ತುದಿಗೆ ಬಂದು ಕೂರುತ್ತಿತ್ತು. ಬರೆಯಲೋ ಬೇಡವೋ ಎಂದು ಹಾಳೆ ಮಡಿಸಿಟ್ಟು ಏಳುತ್ತಿದ್ದೆ. ಇವತ್ತು ಬರೆದೇಬಿಡುತ್ತೇನೆ. ಆದರೆ ಮೊದಲು ಮನೆಯ ಸಮಾಚಾರ, ಇಲ್ಲದಿದ್ದರೆ ಅಮ್ಮ ಬಿಡುವುದಿಲ್ಲ.

ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ನೋವು ಅನ್ನುತ್ತಾಳೆ, ಮೆಟ್ಟಿಲನ್ನು ಮಾತ್ರ ನನಗಿಂತ ಮುಂಚೆ ಹತ್ತುತ್ತಾಳೆ. ಗಡಿಯಾರದ ಅಂಗಡಿಯವನಿಗೆ ಈಗಲೂ ಚರ್ಮದ ಪಟ್ಟಿ ಮಾಡಿಕೊಡುತ್ತಾಳೆ. ಇನ್ನು ಸಾಕು ಮಾಡಮ್ಮ ಎಂದರೆ, "ಕೈ ಸುಮ್ಮನಿದ್ದರೆ ಬಾಯಿ ಸುಮ್ಮನಿರಲ್ಲ, ಯಾವುದು ಬೇಕು ನೀನೇ ಹೇಳು" ಅನ್ನುತ್ತಾಳೆ. ಹಾಗಾಗಿ ಬೆಳಗಾದರೆ ಅಡುಗೆಮನೆಯ ಪಕ್ಕದ ಕೋಣೆಯಿಂದ ಅದೇ ಟಕ್ ಟಕ್. ಮೇಲಿನ ಮನೆಯವರು ನಮ್ಮ ನೀರಿನ ಪೈಪಿನ ತಿರುಪು ತಿರುಗಿಸುತ್ತಾರೆ ಎಂಬ ಅನುಮಾನ ನನಗೆ ಇನ್ನೂ ಹೋಗಿಲ್ಲ. ಅದರ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟಿದ್ದೇನೆ. ನಗಬೇಡ. ನಿನ್ನ ಹಿಂದಿನ ಕಾಗದದ ಲಕೋಟೆಗೂ ಎರಡು ಸಲ ಗೋಂದು ಹಚ್ಚಿದ ಹಾಗಿತ್ತು. ನಿನ್ನ ಹೆಂಡತಿ ಬಿಚ್ಚಿ ಓದಿ ಮತ್ತೆ ಅಂಟಿಸಿದ್ದರೆ, ಅವಳಿಗೂ ಇಲ್ಲಿಂದಲೇ ಆಶೀರ್ವಾದ.

ಇನ್ನು ವಿಷಯಕ್ಕೆ ಬರುತ್ತೇನೆ. ನನ್ನ ಕೆಲಸದ ಬಗ್ಗೆ ನೀನು ಯಾವತ್ತೂ ಕಿವಿಗೊಟ್ಟು ಕೇಳಿದವನಲ್ಲ, ಅದಕ್ಕೇ ಮೊದಲಿನಿಂದ ಹೇಳುತ್ತೇನೆ. ಹಳೆಯ ಸ್ಟ್ಯಾಂಪು ಅಸಲಿಯೋ ಅಲ್ಲವೋ ಎಂದು ತಿಳಿಯಲು ಜನ ನಮ್ಮ ಸಂಘದ ಪರೀಕ್ಷಾ ಸಮಿತಿಗೆ ಕಳಿಸುತ್ತಾರೆ. ಯಾರದ್ದು ಎಂದು ನಮಗೆ ಹೇಳುವುದಿಲ್ಲ. ನಂಬರು ಬರೆದ ಒಂದು ತಟ್ಟೆಯಲ್ಲಿ ಸ್ಟ್ಯಾಂಪು ನಮ್ಮ ಮೇಜಿಗೆ ಬರುತ್ತದೆ. ಕಾಗದ, ಬಣ್ಣ, ಮೊಹರು ಇವೆಲ್ಲ ಕರ್ಚೀಫ್ ಮೇಷ್ಟ್ರ ಪಾಲು. ಅದೇ, ಸ್ಟ್ಯಾಂಪಿಗೆ ಉಸಿರು ತಾಗಬಾರದೆಂದು ಮೂಗಿಗೆ ಕರ್ಚೀಫ್ ಕಟ್ಟಿಕೊಂಡೇ ಕೂರುವ ನಿವೃತ್ತ ಮೇಷ್ಟ್ರು. ನೀನು ಅವರನ್ನು ನೋಡಿ ದರೋಡೆಕೋರ ಅಂದಿದ್ದೆ. ಅಂಚಿನ ತೂತುಗಳು ನನ್ನ ಪಾಲು, ಅಪ್ಪ ಬದುಕಿದ್ದಾಗ ಅವರ ಪಾಲಾಗಿದ್ದ ಹಾಗೆ.

ಹೋದ ತಿಂಗಳು ಬಂದ ತಟ್ಟೆಯೊಂದರ ಮುಚ್ಚಳ ತೆಗೆದರೆ ಒಳಗೆ ನಮ್ಮ ಮೀಸೆ ಹಡಗು.

ನಿನಗೆ ಮರೆತಿದ್ದರೆ ನೆನಪಿಸುತ್ತೇನೆ. ಕಂದು ಬಣ್ಣ, ಮೂರು ಹಾಯಿಯ ಹಡಗು, ನಡುವಿನ ಹಾಯಿಯ ಮೇಲೆ ಅಂಚೆ ಮೊಹರು ಅರ್ಧ ಮಾತ್ರ ಬಿದ್ದು, ಯಾರೋ ಮೀಸೆ ತಿರುವಿಕೊಂಡು ನಿಂತ ಹಾಗೆ ಕಾಣುತ್ತದೆ. ಚಿಕ್ಕವರಿದ್ದಾಗ ನಾವಿಬ್ಬರೇ ಇಟ್ಟ ಹೆಸರು. ಅಂಥ ಮೀಸೆ ಇನ್ನೊಂದು ಹಡಗಿಗೆ ಅದೇ ಜಾಗದಲ್ಲಿ ಮೂಡುವುದು ಸಾಧ್ಯವಿಲ್ಲ. ಅಪ್ಪನ ಆಲ್ಬಮ್ಮಿನಲ್ಲಿದ್ದದ್ದೇ ಇದು, ನೀನು ಕೆಲಸಕ್ಕೆಂದು ಊರು ಬಿಡುವಾಗ, ಆ ಹಡಗು ನಿನಗೇ ಇರಲಿ ಎಂದು ಅವರು ಪೊಟ್ಟಣ ಕಟ್ಟಿ ನಿನ್ನ ಕೈಗೆ ಕೊಟ್ಟದ್ದು.

ಅದರ ಬಲ ಅಂಚು ಬೋಳಾಗಿತ್ತು, ನೆನಪಿದೆಯೇ? ಹಾಳೆಯ ಕೊನೆಯ ಸಾಲಿನ ಸ್ಟ್ಯಾಂಪು ಅದು. ಆ ಕಡೆ ಯಂತ್ರ ತೂತು ಹಾಕಿರಲೇ ಇಲ್ಲ, ಕತ್ತರಿಯಿಂದ ಕತ್ತರಿಸಿದ್ದರು. ಅಪ್ಪ ಅದನ್ನು ಚಿಮುಟದಲ್ಲಿ ಎತ್ತಿ ಹಿಡಿದು, "ಮೂರು ಕಡೆ ಹಲ್ಲು, ಒಂದು ಕಡೆ ಬೊಚ್ಚು, ಥೇಟ್ ನನ್ನ ಮಗ" ಅನ್ನುತ್ತಿದ್ದರು. ಹಾಲುಹಲ್ಲು ಬಿದ್ದ ನಿನ್ನ ಬಾಯಿ ಆಗ ಹಾಗೇ ಇತ್ತು, ಹೆಸರು ಅಂಟಿಕೊಂಡಿತು. ಆಮೇಲೆ ಅವರು ಒಂದು ನಿಟ್ಟುಸಿರು ಬಿಟ್ಟು, "ಆ ಕಡೆ ಒಂದು ಸಾಲು ಹಲ್ಲಿದ್ದಿದ್ದರೆ ಇದು ರಾಣಿ" ಎಂದು ವಾಪಸು ಇಡುತ್ತಿದ್ದರು.

ಈಗ ತಟ್ಟೆಯಲ್ಲಿರುವ ಮೀಸೆ ಹಡಗಿಗೆ ನಾಲ್ಕೂ ಕಡೆ ಹಲ್ಲು.

ಅಳತೆಪಟ್ಟಿಯ ಮೇಲಿಟ್ಟು ನೋಡಿದೆ. ತೂತುಗಳ ಲೆಕ್ಕ ಎಡಕ್ಕೂ ಬಲಕ್ಕೂ ಸರಿಯಾಗಿ ಕೂತಿತು, ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಅತಿ ವಿನಯ ಧೂರ್ತ ಲಕ್ಷಣ ಅನ್ನುತ್ತಾರಲ್ಲ, ತೂತಿನ ವಿಷಯದಲ್ಲೂ ಅದೇ ಮಾತು. ಯಂತ್ರದ ತೂತು ಅಷ್ಟು ಸಭ್ಯವಾಗಿರುವುದಿಲ್ಲ. ಭೂತಗನ್ನಡಿ ಹಿಡಿದೆ. ಅಸಲಿ ಸ್ಟ್ಯಾಂಪನ್ನು ಪಕ್ಕದ ಸ್ಟ್ಯಾಂಪಿನಿಂದ ಹರಿದು ತೆಗೆದಿರುತ್ತಾರೆ. ಅದಕ್ಕೇ ಪ್ರತಿ ಹಲ್ಲಿನ ತುದಿಯಲ್ಲೂ ಕಾಗದದ ನಾರು ನವಿರಾಗಿ ಎದ್ದಿರುತ್ತದೆ. ಮೂರು ಕಡೆ ಆ ನಾರು ಇದೆ. ಬಲಗಡೆ ಇಲ್ಲ, ಹಲ್ಲಿನ ತುದಿಗಳು ಕತ್ತರಿ ಆಡಿಸಿದ ಹಾಗೆ ನುಣ್ಣಗಿವೆ. "ತೂತು ಸುಳ್ಳು ಹೇಳಬಹುದು, ನಾರು ಹೇಳಲ್ಲ" ಎಂದು ಅಪ್ಪ ನನಗೆ ಕಲಿಸಿದ ಮೊದಲ ಪಾಠವೇ ಅದು. ಯಾರೋ ಬೋಳು ಅಂಚಿಗೆ ಕೈಯಿಂದ ಹಲ್ಲು ಕಟ್ಟಿದ್ದಾರೆ. ಬೋಳಾಗಿದ್ದಾಗ ಅದಕ್ಕೆ ಬೆಲೆ ಕಡಿಮೆ, ಆದರೆ ಅಸಲಿ. ಈಗ ಕಾಸಿಗೂ ಬಾರದ ನಕಲಿ.

ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ, ಅದೇ ಅಂಚಿನ ಕೆಳಮೂಲೆಯಲ್ಲಿ ಅಪ್ಪನ ಪೆನ್ಸಿಲ್ ಗುರುತು.

ಆ ಗುರುತು ಎಂದರೆ 'ಇದು ಅಸಲಿ, ಇದಕ್ಕೆ ನಾನು ಹೊಣೆ' ಎಂದರ್ಥ. ನಕಲಿ ತೂತಿಗೆ ಅಪ್ಪ ಗುರುತು ಹಾಕಿದ್ದಾರೆ ಎಂದಾದರೆ, ಅವರ ಗುರುತಿರುವ ಪ್ರತಿಯೊಂದು ಸ್ಟ್ಯಾಂಪನ್ನೂ ಜನ ಮತ್ತೆ ಸಂಶಯದಿಂದ ನೋಡುತ್ತಾರೆ. ಕರ್ಚೀಫ್ ಮೇಷ್ಟ್ರು ತಟ್ಟೆ ದಾಟಿಸುವಾಗ ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಗೂ ಗುರುತು ಕಂಡಿದೆ. ಕರ್ಚೀಫಿನ ಹಿಂದೆ ನಗುತ್ತಿದ್ದರೋ ಮರುಗುತ್ತಿದ್ದರೋ ಹೇಗೆ ಹೇಳಲಿ?

ಆದರೆ ಅಪ್ಪನ ಪೆನ್ಸಿಲ್ ಗೀಟು ಬಾಲ ಎಳೆದುಕೊಂಡು ಅಂಚಿನವರೆಗೂ ಹೋಗುತ್ತದೆ. ತೂತು ಮೊದಲೇ ಇದ್ದಿದ್ದರೆ ಪೆನ್ಸಿಲ್ ಅದರ ಬಾಯಿಗೆ ಎಡವಬೇಕಿತ್ತು, ಸೀಸದ ಕಪ್ಪು ತೂತಿನ ಒಳಗೋಡೆಗೆ ತಾಗಬೇಕಿತ್ತು. ಒಳಗೋಡೆ ಬೆಳ್ಳಗಿದೆ, ಗೀಟು ತುಂಡಾಗಿದೆ. ಅಂದರೆ ಪೆನ್ಸಿಲ್ ಮೊದಲು, ತೂತು ಆಮೇಲೆ. ಅಪ್ಪ ಸಹಿ ಹಾಕಿದಾಗ ಅಂಚು ಬೋಳಾಗಿಯೇ ಇತ್ತು. ಅವರ ಮಾನ ಉಳಿಯಿತು ಎಂದು ಒಂದು ಕ್ಷಣ ಕಣ್ಣು ಮುಚ್ಚಿ ಕೂತೆ. ಮರುಕ್ಷಣ ಇನ್ನೊಂದು ಪ್ರಶ್ನೆ ಎದ್ದಿತು. ಹಾಗಾದರೆ ಯಾರು?

ಅಪ್ಪನ ಆಲ್ಬಮ್ಮಿನಿಂದ ಹೊರಟ ಸ್ಟ್ಯಾಂಪು ನೇರ ನಿನ್ನ ಕೈಗೆ ಹೋಯಿತು. ನಿನ್ನ ಕಸುಬು ನಕಲಿ ಹಲ್ಲು ಕಟ್ಟುವುದು. ನಿನ್ನ ಮೇಜಿನ ಮೇಲೆ ಸೂಜಿಯಂಥ ಕೊರೆಯುವ ಮುಳ್ಳುಗಳು ಸಾಲಾಗಿ ನಿಂತಿರುವುದನ್ನು ನಾನೇ ನೋಡಿದ್ದೇನೆ. ಇನ್ನೊಂದು ಮಾತು. ಸಾಲು ಸಮವಿದ್ದರೂ ತೂತುಗಳ ಒಳಗೋಡೆಗಳೆಲ್ಲ ಒಂದೇ ಕಡೆಗೆ ವಾಲಿವೆ, ಎಡಗೈಯವರು ಹೊಡೆದರೆ ಹಾಗಾಗುತ್ತದೆ. ನಮ್ಮ ಮನೆಯಲ್ಲಿ ಎಡಚಿ ನಾನೊಬ್ಬಳೇ. ಕಂಡವರು ನನ್ನ ಮೇಲೆ ಬೆರಳು ತೋರಿಸಲಿ ಎಂದು ನೀನು ಬೇಕೆಂದೇ ಎಡಗೈಯಲ್ಲಿ ಹೊಡೆದೆಯಾ ಎಂದೂ ಯೋಚಿಸಿದೆ. ಯೋಚಿಸಿದ್ದನ್ನು ಮುಚ್ಚಿಡುವುದಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ನೀನು ಅನ್ನಬಹುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಾನು ಅನ್ನುತ್ತೇನೆ, ಅದಕ್ಕೇ ಕೇಳುತ್ತಿದ್ದೇನೆ.

ನಿನಗೆ ಅಪ್ಪನ ಮೇಲೆ ಹಳೆಯ ಮುನಿಸಿದೆ ಎಂದು ಗೊತ್ತು. ನನ್ನ ಎಂಟನೇ ಕ್ಲಾಸಿನ ರಜೆಯಿಂದ ಹಿಡಿದು, ನಾನು ಆಲ್ಬಮ್ ಬಿಚ್ಚಿದಾಗಲೆಲ್ಲ ಅಪ್ಪ ಬೆತ್ತದ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಬಂದು ಕೂರುತ್ತಿದ್ದರು. ಎಷ್ಟೇ ಕೆಲಸವಿದ್ದರೂ ಬಿಟ್ಟು ಬರುತ್ತಿದ್ದರು. ನಿನ್ನ ಕೈಗೆ ಆಲ್ಬಮ್ ಇದ್ದ ಬೀರುವಿನ ಬೀಗದಕೈ ಕೊಟ್ಟು ತಮ್ಮ ಪಾಡಿಗೆ ತಾವು ಹೋಗುತ್ತಿದ್ದರು. ನನಗೆ ಆ ವಿಷಯದಲ್ಲಿ ಹೆಮ್ಮೆ ಇತ್ತು, ಈಗಲೂ ಇದೆ. ಆ ಕುರ್ಚಿಯನ್ನು ನನ್ನ ಮೇಜಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ, ಅದರಲ್ಲಿ ಯಾರನ್ನೂ ಕೂರಿಸುವುದಿಲ್ಲ. ಆದರೆ ನಿನ್ನ ಮುನಿಸನ್ನು ಅವರ ಹೆಸರಿನ ಮೇಲೆ ತೀರಿಸಿಕೊಳ್ಳಬಾರದಿತ್ತು.

ನೀನು ಮಾಡಿದ್ದರೆ ಮಾಡಿದೆ ಎಂದು ಬರೆ. ಮಗುವನ್ನು ರಜೆಗೆ ಅತ್ತೆಯ ಮನೆಗೆ ಕಳಿಸುತ್ತೇನೆ ಎಂದಿದ್ದೀಯ. ನಿನ್ನ ಉತ್ತರ ಬರುವವರೆಗೂ ಬೇಡ. ಅವಳ ಮುಖ ನೋಡಿ ನಗುತ್ತಾ ಒಳಗೆ ನಿನ್ನ ಮೇಲೆ ಕುದಿಯುವುದು ನನ್ನಿಂದಾಗದು. ಈ ಕಾಗದದ ವಿಷಯ ಅಮ್ಮನಿಗೆ ಹೇಳಿಲ್ಲ.

ನಿನ್ನ
ಅಕ್ಕ


ಜೂನ್ 29, ಶನಿವಾರ

ನನ್ನ ಬೊಚ್ಚು,

ಅಕ್ಕನ ಆಶೀರ್ವಾದ, ಈ ಸಲ ತಲೆ ತಗ್ಗಿಸಿಕೊಂಡು. ನಿನ್ನ ಉತ್ತರ ಬಂದು ವಾರವಾಯಿತು. ತಡವಾಗಿ ಬರೆಯುತ್ತಿದ್ದೇನೆ, ಹಿಂದಿನ ತಡವೇ ಬೇರೆ, ಈ ತಡವೇ ಬೇರೆ. ನಿನ್ನ ಮಾತುಗಳನ್ನು ಇಲ್ಲೇ ಮತ್ತೆ ಬರೆಯುತ್ತೇನೆ, ನಾನು ಸರಿಯಾಗಿ ಓದಿದ್ದೇನೆ ಎಂದು ನಿನಗೆ ಗೊತ್ತಾಗಲಿ.

"ಅಕ್ಕ, ಆ ಪೊಟ್ಟಣ ನಾನು ಬಿಚ್ಚಲೇ ಇಲ್ಲ. ಆಗ ಬಾಡಿಗೆಗಿದ್ದ ಮನೆಯ ಮಾಲೀಕರ ಮಗಳು ಸ್ಟ್ಯಾಂಪು ಕೂಡಿಸುತ್ತಿದ್ದಳು, ಅವಳಿಗೆ ಹಾಗೇ ಕೊಟ್ಟೆ. ಅಪ್ಪ ನಿನ್ನ ಪಕ್ಕ ಕೂತ ಹಾಗೆ ನನ್ನ ಪಕ್ಕ ಒಂದು ದಿನವೂ ಕೂರಲಿಲ್ಲ. ಅವರ ಸ್ಟ್ಯಾಂಪು ಕಟ್ಟಿಕೊಂಡು ನನಗೇನು? ನಾನು ಕಟ್ಟುವ ಹಲ್ಲಿನಲ್ಲಿ ಜನ ಊಟ ಮಾಡುತ್ತಾರೆ. ಮಗುವನ್ನು ಕಳಿಸುವುದಿಲ್ಲ, ನೀನಾಗಿ ಕರೆಯುವವರೆಗೂ."

ಓದಿ ಸಿಟ್ಟು ಬಂತು. ನಂಬಿಕೆ ಬರಲಿಲ್ಲ. ಯಾರಾದರೂ ತಂದೆ ಕೊಟ್ಟ ಪೊಟ್ಟಣವನ್ನು ಬಿಚ್ಚದೆ ಇರುತ್ತಾರೆಯೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದುಕೊಂಡೆ. ನಿನ್ನ ಅಕ್ಷರಗಳನ್ನೂ ಬೆಳಕಿಗೆ ಹಿಡಿದು ನೋಡಿದೆ, ಕೈ ನಡುಗಿದೆಯಾ ಎಂದು. ನಡುಗಿರಲಿಲ್ಲ. ಸಮಿತಿಯಲ್ಲಿ ಕೇಳಿ ತಟ್ಟೆಯನ್ನು ಮನೆಗೆ ತಂದೆ, ಹಗಲು ಬೆಳಕಿನಲ್ಲಿ ಇನ್ನೊಮ್ಮೆ ನೋಡೋಣ, ಕೊರೆಯುವ ಮುಳ್ಳಿನ ಜಾಡು ಎಲ್ಲಾದರೂ ಸಿಕ್ಕರೆ ನಿನ್ನನ್ನು ಹಿಡಿದೇಬಿಡೋಣ ಎಂದು.

ಬೆಳಗ್ಗೆ ಕಿಟಕಿಯ ಹತ್ತಿರ ಮೇಜು ಎಳೆದುಕೊಂಡು ಕೂತಿದ್ದೆ. ಅಮ್ಮ ಸೂಜಿಗೆ ದಾರ ಪೋಣಿಸಿಕೊಡು ಎಂದು ಬಂದವಳು ನನ್ನ ಹೆಗಲ ಮೇಲಿನಿಂದ ಬಗ್ಗಿ ನೋಡಿದಳು.

"ಅಯ್ಯೋ, ಇದು ಇನ್ನೂ ಇದೆಯಾ? ನೋಡು, ಈಗಲೂ ಎಷ್ಟು ಸಮ ಇವೆ" ಎಂದಳು.

"ಏನು ಸಮ?"

"ತೂತು. ನಾನು ಹಾಕಿದ್ದಲ್ವಾ."

ಚಿಮುಟ ಕೆಳಗಿಟ್ಟೆ. ಅವಳು ಹಳೆಯ ಕಸೂತಿ ನೋಡುವವರ ಹಾಗೆ ಖುಷಿಯಿಂದ ನೋಡುತ್ತಲೇ ಇದ್ದಳು.

"ನಿಮ್ಮಪ್ಪ ಯಾವಾಗ ನೋಡಿದರೂ ಅದೇ ಕೊರಗು, ಆ ಕಡೆ ಹಲ್ಲಿದ್ದಿದ್ದರೆ ರಾಣಿ, ರಾಣಿ ಅಂತ. ಇಷ್ಟಕ್ಕೆ ಒಬ್ಬ ಮನುಷ್ಯ ಯಾಕೆ ಕೊರಗಬೇಕು? ಪಟ್ಟಿಗೆ ದಿನಾ ತೂತು ಹಾಕೋಳು ನಾನು, ಒಂದು ಚೂರು ಕಾಗದಕ್ಕೆ ಹಾಕಕ್ಕಾಗಲ್ವಾ ಅಂದ್ಕೊಂಡೆ. ಎಡ ಅಂಚು ನೋಡಿ ಸೂಜಿ ಮೊನೇಲಿ ಗುರುತು ಮಾಡ್ಕೊಂಡೆ. ಹೊಲಿಗೆಗೆ ತೂತು ಹಾಕೋ ಚಿಕ್ಕ ಉಳಿ ಇದೆಯಲ್ಲ, ಒಳಗೆ ಟೊಳ್ಳಿರೋದು, ಅದನ್ನ ಇಟ್ಟು ಮೆತ್ತಗೆ ಹೊಡೆದೆ. ಆಲ್ಬಮ್ಮಿನಲ್ಲಿ ಅದೇ ಜಾಗಕ್ಕೆ ಇಟ್ಟೆ. ಅವರೇ ನೋಡಿ ಖುಷಿ ಪಡಲಿ, ನಾನು ಹೇಳೋದು ಬೇಡ ಅಂತ."

"ಖುಷಿಪಟ್ಟರಾ?"

"ಎಲ್ಲಿಯ ಖುಷಿ? ಮುಖ ಕಪ್ಪಿಟ್ಟಿತು. ಭೂತಗನ್ನಡಿ ತಂದರು. ಹಿಂದೆ ತಿರುಗಿಸಿದರು, ಮುಂದೆ ತಿರುಗಿಸಿದರು. ಆಮೇಲೆ 'ಇದು ಎಡಗೈ ಕೆಲಸ' ಅಂದರು. ನಾನು ಬಾಯಿ ಬಿಡೋಕೆ ಮುಂಚೆನೇ 'ಮಗಳಿಗೆ ಏನೂ ಹೇಳಬೇಡ, ನಾನು ನೋಡ್ಕೋತೀನಿ' ಅಂದುಬಿಟ್ಟರು. ಆವತ್ತೇ ಅದನ್ನ ಆಲ್ಬಮ್ಮಿನಿಂದ ತೆಗೆದು ಬೇರೆ ಕಡೆ ಎತ್ತಿಟ್ಟರು."

"ಆದರೆ ನೀನು ಎಡಚಿ ಅಲ್ಲವಲ್ಲಮ್ಮ."

ಅಮ್ಮ ಪಕ್ಕದ ಕೋಣೆಗೆ ಹೋಗಿ ಸುತ್ತಿಗೆ ತಂದು ತೋರಿಸಿದಳು. ಎಡಗೈಯಲ್ಲಿ ಹಿಡಿದಿದ್ದಳು.

"ಬರೆಯೋದಕ್ಕೆ, ಉಣ್ಣೋದಕ್ಕೆ ಎಡಗೈ ಚಾಚಿದರೆ ನಮ್ಮಮ್ಮ ಕೈಮೇಲೆ ಹೊಡೆದು ಬಲಗೈ ರೂಢಿ ಮಾಡಿಸಿದಳು. ಸುತ್ತಿಗೆ ಹಿಡಿದಾಗ ಹೊಡೆಯೋರು ಯಾರೂ ಇರಲಿಲ್ಲ, ಅದು ಹಾಗೇ ಉಳ್ಕೊಂತು. ನಿಮ್ಮಪ್ಪ ಮನೇಲಿರೋ ಹೊತ್ತಿಗೆ ನಾನು ಕೆಲಸ ಎತ್ತಿಡ್ತಿದ್ದೆ, ಸದ್ದು ಆಗಬಾರದು ಅಂತ. ಅವರು ನೋಡೇ ಇಲ್ಲ."

ಅವರು ಹೋಗಲಿ, ನಾನು? ಒಂದೇ ಸೂರಿನಡಿ ಬೆಳಗಾದರೆ ಆ ಟಕ್ ಟಕ್ ಕೇಳುತ್ತೇನೆ. ಮೇಲಿನ ಮನೆಯವರ ಕೈ ತಿರುಪಿನ ಮೇಲೆ ಬೀಳುತ್ತದೆಯೇ ಎಂದು ಕಾಯುವ ನಾನು, ನಮ್ಮಮ್ಮ ಯಾವ ಕೈಯಲ್ಲಿ ಸುತ್ತಿಗೆ ಹಿಡಿಯುತ್ತಾಳೆ ಎಂದು ನೋಡಿರಲಿಲ್ಲ.

ಆಗಲೇ ಅಪ್ಪನಿಗೆ ನಿಜ ಹೇಳಬಾರದಿತ್ತೇ ಎಂದು ಕೇಳಿದೆ. "ಅವರು ಕೂಗಾಡಿದ್ದರೆ ಹೇಳ್ತಿದ್ದೆ. ನಿನಗೂ ಬೈಯಲಿಲ್ಲ, ನನಗೂ ಬೈಯಲಿಲ್ಲ. ಬೈಗುಳವೇ ಇಲ್ಲದ ಮೇಲೆ ಯಾಕೆ ಕೆದಕೋದು ಅಂತ ಸುಮ್ಮನಾದೆ" ಎಂದಳು. ಅಷ್ಟು ಹೇಳಿ, ನನ್ನ ಕೈಯಲ್ಲಿ ದಾರ ಪೋಣಿಸಿಸಿಕೊಂಡು ಹೋದಳು. ತಾನು ಮಾಡಿದ ಕೆಲಸದಿಂದ ಸ್ಟ್ಯಾಂಪು ಹಾಳಾಯಿತು ಎಂದು ಅವಳಿಗೆ ಈಗಲೂ ಪೂರ್ತಿ ನಂಬಿಕೆ ಇಲ್ಲ. ಇಲ್ಲದ್ದನ್ನು ಕೊಟ್ಟರೆ ಹೇಗೆ ಹಾಳಾಗುತ್ತದೆ ಎಂಬುದು ಅವಳ ವಾದ.

ನಿನಗೆ ಆ ಸ್ಟ್ಯಾಂಪನ್ನು ಯಾಕೆ ಕೊಟ್ಟರು ಎಂಬುದೂ ಈಗ ತಿಳಿಯಿತು. ಇವನು ಬಿಚ್ಚಿ ನೋಡುವವನಲ್ಲ, ಇವನ ಜೊತೆ ಅದು ದೂರ ಹೋಗಲಿ, ಮಗಳ ಕೆಲಸ ಯಾರ ಕಣ್ಣಿಗೂ ಬೀಳದಿರಲಿ ಎಂದು. ತಮ್ಮ ಗುರುತನ್ನು ಅಳಿಸಬಹುದಿತ್ತು. ಆದರೆ ಅಳಿಸಿದ ಜಾಗ ಇನ್ನೂ ದೊಡ್ಡ ಅನುಮಾನ ಹುಟ್ಟಿಸುತ್ತದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸುತ್ತಿ ಸುತ್ತಿ ಅದು ಬಂದದ್ದು ನನ್ನ ತಟ್ಟೆಗೇ.

ಸಮಿತಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸಹಿ ಅಸಲಿ, ಸ್ಟ್ಯಾಂಪು ಅಸಲಿ, ಬಲ ಅಂಚಿನ ತೂತುಗಳು ಮಾತ್ರ ಸಹಿಯ ನಂತರ ಕೈಯಿಂದ ಹಾಕಿದವು. ಕರ್ಚೀಫ್ ಮೇಷ್ಟ್ರು ಅಪರೂಪಕ್ಕೆ ಕರ್ಚೀಫ್ ಕೆಳಗೆ ಎಳೆದು, "ಯಾರ ಕೈ ಅಂತ ಗೊತ್ತಾಯ್ತೇನಮ್ಮ?" ಎಂದು ಕೇಳಿದರು. "ಗೊತ್ತಾಯ್ತು ಮೇಷ್ಟ್ರೇ. ಮೋಸದ ಕೈಯಲ್ಲ" ಎಂದೆ. ಅವರು ತಲೆಯಾಡಿಸಿ ಮತ್ತೆ ಕರ್ಚೀಫ್ ಏರಿಸಿಕೊಂಡರು. ಮರುಗುತ್ತಲೇ ಇದ್ದರು, ಪಾಪ. ಅವರ ಮೇಲೂ ಸುಮ್ಮನೆ ಸಂಶಯಪಟ್ಟೆ.

ನಿನ್ನ ಮೇಲೆ ಹೊರಿಸಿದ್ದನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ, ಎಡಗೈಯ ಮಾತನ್ನಂತೂ ಮೊದಲು. ನಾನಾಗಿ ಕರೆಯುವವರೆಗೂ ಎಂದು ಬರೆದಿದ್ದೀಯಲ್ಲ, ಕರೆಯುತ್ತಿದ್ದೇನೆ. ಮಗುವನ್ನು ಕಳಿಸುವುದು ಬೇಡ, ಕರೆದುಕೊಂಡು ಬಾ. ನಿನ್ನ ಹೆಂಡತಿಯೂ ಬರಲಿ. ಲಕೋಟೆಯ ಗೋಂದಿನ ಮಾತು ಮರೆತುಬಿಡಲು ಹೇಳು. ಅಮ್ಮ ಮಗುವಿಗೆಂದು ಸಣ್ಣ ಗಡಿಯಾರದ ಪಟ್ಟಿ ಹೊಲಿಯುತ್ತಿದ್ದಾಳೆ, ಕೆಂಪು ಚರ್ಮದ್ದು. ಗಡಿಯಾರ ಎಲ್ಲಿ ಎಂದರೆ, ಅದನ್ನು ಅವಳಪ್ಪ ಕೊಡಿಸಲಿ ಅನ್ನುತ್ತಾಳೆ. ನಿಮ್ಮೆಲ್ಲರ ಆರೋಗ್ಯ ಚೆನ್ನಾಗಿರಲಿ, ಮಗುವಿನ ಹಲ್ಲುಗಳು ಅದರದ್ದೇ ಆಗಿ ಬಹುಕಾಲ ಉಳಿಯಲಿ.

ನಿನ್ನ
ಅಕ್ಕ

ಮತ್ತೆ: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ತೆಗೆದು ಇಷ್ಟು ಸೇರಿಸುತ್ತಿದ್ದೇನೆ. ಅಮ್ಮ ತೂತು ಹಾಕಿದ್ದು ಯಾವಾಗ ಎಂದು ಕೇಳಿದೆ. ನನ್ನ ಎಂಟನೇ ಕ್ಲಾಸು ಮುಗಿದ ರಜೆಯಲ್ಲಿ. ಅಪ್ಪ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂರಲು ಶುರುಮಾಡಿದ್ದೂ ಆಗಲೇ. "ಅವಳೊಬ್ಬಳನ್ನೇ ಆಲ್ಬಮ್ಮಿನ ಹತ್ತಿರ ಬಿಡಬಾರದು" ಅಂದಿದ್ದರಂತೆ. ಅವನನ್ನು ಬಿಡಬಹುದಾ ಎಂದು ಅಮ್ಮ ಕೇಳಿದ್ದಕ್ಕೆ, "ಅವನ ಮೇಲೆ ನನಗೆ ನಂಬಿಕೆ ಇದೆ" ಅಂದರಂತೆ. ಅಷ್ಟೂ ವರ್ಷ ನಾನು ಅವರ ಬಾಯಿ ನೋಡುತ್ತಾ ಪಾಠ ಕಲಿತೆ, ಅವರು ನನ್ನ ಕೈ ನೋಡುತ್ತಾ ಕೂತಿದ್ದರು. ಪೆನ್ಸಿಲ್ ಮೊದಲೋ ತೂತು ಮೊದಲೋ ಎಂದು ನಾನು ಹೇಳಬಲ್ಲೆ. ಅವರ ಮನಸ್ಸಿನಲ್ಲಿ ಕಾವಲು ಎಲ್ಲಿ ಮುಗಿದು ಪ್ರೀತಿ ಎಲ್ಲಿ ಶುರುವಾಯಿತು, ಶುರುವಾಯಿತೋ ಇಲ್ಲವೋ ಎಂದು ಹೇಳಲು ನನ್ನ ಹತ್ತಿರ ಯಾವ ಭೂತಗನ್ನಡಿಯೂ ಇಲ್ಲ. ನಿನ್ನ ಪಕ್ಕ ಒಂದು ದಿನವೂ ಕೂರಲಿಲ್ಲ ಎಂದು ಇನ್ನು ಮೇಲೆ ಕೊರಗಬೇಡ. ಬಂದಾಗ ಆ ಬೆತ್ತದ ಕುರ್ಚಿಯನ್ನು ನನ್ನ ಮೇಜಿನ ಪಕ್ಕದಿಂದ ನೀನೇ ಎತ್ತಿ ಆಚೆ ಇಡು. ನಾನು ಎರಡು ಸಲ ಕೈ ಹಾಕಿದೆ, ನನ್ನಿಂದ ಆಗಲಿಲ್ಲ.